ಭಾರಕ್ಕೆ ತಕ್ಕ ಹರಿಗೋಲು

ನೆಲದ ಮೇಲೆ ನಡೆಯುವವನು ತನ್ನ ದೇಹದ ಭಾರವನ್ನು ಮರೆತು ಬಾಳಬಹುದು; ಐವತ್ತು ಕಿಲೋ ತೂಗುವವನನ್ನೂ ನೂರು ಕಿಲೋ ತೂಗುವವನನ್ನೂ ಭೂಮಿಯು ಭೇದವೆಣಿಸದೆ ಹೊರುತ್ತದೆ. ನೀರಿನ ನ್ಯಾಯ ಬೇರೆ. ತನ್ನ ಮೇಲೆ ಬಂದು ನಿಂತ ಪ್ರತಿಯೊಂದು ಕಿಲೋವನ್ನೂ ಅದು ಎಣಿಸುತ್ತದೆ. ಪ್ರತಿಯೊಂದು ಕಿಲೋವಿಗೂ ಒಂದು ಲೀಟರು ನೀರು ಪಕ್ಕಕ್ಕೆ ಸರಿದ ಹೊರತು ಆ ಭಾರವನ್ನು ಹೊರಲೊಪ್ಪುವುದಿಲ್ಲ. ಆದುದರಿಂದ ತುಂಗಭದ್ರೆಯನ್ನು ದಾಟಿಸುವ ಬಿದಿರಿನ ಹರಿಗೋಲಾಗಲಿ, ದೂರದ ಸಾಗರತೀರಗಳಲ್ಲಿ ಹಾಯಿ ಹೂಡಿ ಅಲೆಗಳನ್ನೇರುವ ವಿಂಡ್‌ಸರ್ಫಿಂಗಿನ ಹಲಗೆಯಾಗಲಿ, ಏರುವವನ ತೂಕವನ್ನು ಬದಿಗಿಟ್ಟು ಅದನ್ನು ಆರಿಸಿಕೊಳ್ಳುವುದು ಸಾಧ್ಯವೇ ಇಲ್ಲ. ಕೊಪ್ಪಳ ಸೀಮೆಯ ನದಿಯ ಮೇಲೆ ಶತಮಾನಗಳಿಂದ ತೇಲುತ್ತ ಬಂದಿರುವ ಹರಿಗೋಲಿನಲ್ಲಿ ಅಡಗಿರುವ ಭಾರದ ಲೆಕ್ಕವನ್ನು ಬಿಡಿಸಿ ತೋರಿಸುವುದು, ಮತ್ತು ಆ ಲೆಕ್ಕವು ಅಂಬಿಗನ ಕಣ್ಣಂದಾಜಿನಲ್ಲಿ ಮಾತ್ರ ಉಳಿಯದೆ ಹರಿಗೋಲಿನ ಮೈಮೇಲೆಯೇ ಕಾಣುವಂತಾಗಬೇಕೆಂದು ಕೇಳಿಕೊಳ್ಳುವುದು ಈ ಲೇಖನದ ಉದ್ದೇಶ.

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಅದರೊಳಗೆ ಬಂದ ನಾಲ್ಕು ತಾಲೂಕುಗಳಿಗೆ ನೀರಿನೊಡನೆ ಇರುವ ಸಂಬಂಧ ಒಂದೇ ಬಗೆಯದಲ್ಲ. ಕೊಪ್ಪಳ, ಗಂಗಾವತಿಗಳ ದಕ್ಷಿಣದ ಅಂಚನ್ನು ತುಂಗಭದ್ರೆಯೇ ತೊಳೆಯುತ್ತಾಳೆ. ಮುನಿರಾಬಾದಿನ ಬಳಿ 1953ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ಎಡದಂಡೆ ಕಾಲುವೆಯು ಗಂಗಾವತಿಯ ಬಯಲನ್ನು ಭತ್ತದ ನಾಡಾಗಿ ಮಾಡಿದೆ. ಕುಷ್ಟಗಿ, ಯಲಬುರ್ಗಾಗಳಾದರೋ ಮಳೆಯನ್ನು ನೋಡಿ ಬಿತ್ತುವ ಒಣ ಭೂಮಿ. ಅಲ್ಲಿಯ ದಿಣ್ಣೆಗಳ ಮೇಲೆ ಇಂದು ಗಾಳಿಯಂತ್ರಗಳು ತಿರುಗುತ್ತಿವೆ. ಅಲ್ಲಿಯ ಜನರಿಗೆ ಜಲವೆಂದರೆ ಬಾವಿ, ಕೆರೆ, ಕೊಳವೆಬಾವಿ. ಹುಲಿಗಿಯ ಹುಲಿಗೆಮ್ಮನ ಜಾತ್ರೆಗೋ ಆಂಜನಾದ್ರಿಯ ದರ್ಶನಕ್ಕೋ ಕುಟುಂಬಸಮೇತರಾಗಿ ಬಂದು, ಮಕ್ಕಳ ಒತ್ತಾಯಕ್ಕೆ ಸಾಣಾಪುರದ ಕೆರೆಯಲ್ಲೋ ಆನೆಗೊಂದಿಯ ಕಡವಿನಲ್ಲೋ ಹರಿಗೋಲನ್ನು ಏರುವವರಲ್ಲಿ ನದಿಯ ಪರಿಚಯವೇ ಇಲ್ಲದ ಇಂಥವರು ಬಹುಮಂದಿ ಇರುತ್ತಾರೆ. ದಡದಲ್ಲಿ ಹುಟ್ಟಿ ಬೆಳೆದವನು ಹೇಳಿಸಿಕೊಳ್ಳದೆ ತಿಳಿದಿರುವ ಸಂಗತಿಗಳನ್ನು ಇವರಿಗೆ ಬಾಯಿಬಿಟ್ಟು ಹೇಳಲೇಬೇಕು.

ಹರಿಗೋಲನ್ನು ಜನರು ತೆಪ್ಪವೆಂದೂ ಕರೆಯುವುದುಂಟು. ಬಿದಿರನ್ನು ಸೀಳಿ ದಬ್ಬೆಗಳನ್ನಾಗಿ ಮಾಡಿ, ಅವನ್ನು ನಡುವಿನಿಂದ ಹೊರಕ್ಕೆ ಒಂದರಮೇಲೊಂದು ಹಾಯಿಸಿ ಹೆಣೆದು, ಅಂಚುಗಳನ್ನು ಮೇಲಕ್ಕೆ ಬಾಗಿಸಿ, ಬಾಯಂಚಿಗೆ ದಪ್ಪನೆಯ ಬಿದಿರಿನ ಕಟ್ಟನ್ನು ಸುತ್ತಿ ಬಿಗಿದರೆ ಅದರ ಒಡಲು ಸಿದ್ಧವಾಗುತ್ತದೆ. ಹಿಂದೆ ಅದರ ಹೊರಮೈಗೆ ಎತ್ತಿನ ಚರ್ಮವನ್ನು ಹೊದಿಸುತ್ತಿದ್ದರು. ಈಗ ತಾಡಪತ್ರಿಯನ್ನೋ ಗೋಣಿತಟ್ಟನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿ ಡಾಂಬರನ್ನು ಬಳಿಯುತ್ತಾರೆ. ಮೊಳೆಯಿಲ್ಲ, ಹಲಗೆಯಿಲ್ಲ, ಮೂತಿಯಿಲ್ಲ, ಬೆನ್ನೆಲುಬಿನಂತಹ ಅಡಿಮರವಿಲ್ಲ. ಹೆಬ್ಬಂಡೆಗಳು ನೀರಿನ ಮೇಲೆಯೂ ಕೆಳಗೂ ಹರಡಿಕೊಂಡಿರುವ ಆನೆಗೊಂದಿಯ ಹರಿವಿನಲ್ಲಿ ಉದ್ದನೆಯ ಮರದ ದೋಣಿಯೊಂದು ಅಡಿಮರವನ್ನು ಬಂಡೆಗೆ ಬಡಿದು ಒಡೆದುಕೊಳ್ಳಬಹುದಾದ ಸ್ಥಳದಲ್ಲಿ, ಗೇಣುದ್ದದ ನೀರನ್ನೇ ಆಶ್ರಯಿಸಿ ತೇಲುವ ಈ ದುಂಡನೆಯ ಪಾತ್ರೆ ಬಂಡೆಯನ್ನು ಸವರಿ, ಬಳುಕಿ, ಮುಂದೆ ಸಾಗುತ್ತದೆ. ಕೆಲಸ ಮುಗಿದ ಮೇಲೆ ಸಣ್ಣ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಕವುಚಿಕೊಂಡು ಮನೆಗೆ ಒಯ್ಯಬಲ್ಲನು.

ಈ ರಚನೆಯ ಪ್ರಾಚೀನತೆಗೆ ಸಾಕ್ಷ್ಯಗಳು ನಮ್ಮಲ್ಲಿಯೂ ಇವೆ, ಹೊರಗೂ ಇವೆ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ರಾಜಧಾನಿಯಿಂದ ನದಿಯಾಚೆಯ ಆನೆಗೊಂದಿಗೆ ಜನರು ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ಹೋಗುವುದನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನರನ್ನು ಹೊರುವ ಶಕ್ತಿ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುವ ಸಾಮರ್ಥ್ಯ, ನೆಟ್ಟಗೆ ಹೋಗಲಾರದೆ ಸದಾ ಸುತ್ತುತ್ತಲೇ ಸಾಗುವ ಸ್ವಭಾವ ಇವೆಲ್ಲವೂ ಅವನ ದೃಷ್ಟಿಗೆ ಬಿದ್ದಿವೆ. ಆತನಿಗಿಂತ ಸುಮಾರು ಎರಡು ಸಹಸ್ರ ವರ್ಷಗಳ ಹಿಂದೆಯೇ ಗ್ರೀಕ್ ಇತಿಹಾಸಕಾರ ಹೆರೊಡೋಟಸನು, ಯೂಫ್ರೆಟಿಸ್ ನದಿಯ ಮೇಲೆ ಬ್ಯಾಬಿಲೋನಿಗೆ ಇಳಿದು ಬರುತ್ತಿದ್ದ ದುಂಡನೆಯ ಚರ್ಮದ ದೋಣಿಗಳನ್ನು ವರ್ಣಿಸುತ್ತ, ಅವುಗಳಲ್ಲಿ ಪ್ರತಿಯೊಂದರಲ್ಲಿಯೂ ಒಂದು ಕತ್ತೆಯಿರುತ್ತಿತ್ತೆಂದೂ ದೊಡ್ಡವುಗಳಲ್ಲಿ ಹಲವಿರುತ್ತಿದ್ದವೆಂದೂ, ಸರಕು ಮಾರಿದ ಮೇಲೆ ಕಟ್ಟಿಗೆಯ ಚೌಕಟ್ಟನ್ನೂ ಮಾರಿ ಚರ್ಮವನ್ನು ಆ ಕತ್ತೆಗಳ ಮೇಲೆ ಹೇರಿಕೊಂಡು ವರ್ತಕರು ನೆಲದ ಹಾದಿಯಿಂದ ಮರಳುತ್ತಿದ್ದರೆಂದೂ ಹೇಳಿದ್ದಾನೆ. ವೇಲ್ಸಿನ ನದಿಗಳಲ್ಲಿ ಒಬ್ಬನೇ ಕುಳಿತು ಮೀನು ಹಿಡಿಯುವ ಪುಟ್ಟ ಬುಟ್ಟಿದೋಣಿ, ವಿಯೆಟ್ನಾಮಿನ ಕರಾವಳಿಯಲ್ಲಿ ಅಲೆಗಳನ್ನು ದಾಟಿ ಸಮುದ್ರಕ್ಕಿಳಿಯುವ ಬಿದಿರಿನ ಬುಟ್ಟಿ ಇವೂ ಇದೇ ವಂಶಕ್ಕೆ ಸೇರಿದವು. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿ ಕೂಡ ತನ್ನ ಸೈನ್ಯವನ್ನು ನದಿಗಳಾಚೆ ಸಾಗಿಸಲು ಇಂಥ ಬುಟ್ಟಿದೋಣಿಗಳನ್ನೇ ಕಟ್ಟಿಸಿದ್ದನು.

ಪಾಯಸನ ಮಾತಿನಲ್ಲಿ ಬರುವ ಹದಿನೈದಿಪ್ಪತ್ತು ಜನರ ಸಂಖ್ಯೆಯನ್ನು ಹಿಡಿದು ಹೊರಟರೆ ಹರಿಗೋಲಿನ ಗಣಿತವು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ತೇಲುವ ವಸ್ತುವು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆಂಬ ಆರ್ಕಿಮಿಡೀಸನ ಸೂತ್ರವನ್ನು ಓದುಗರೆಲ್ಲರೂ ಶಾಲೆಯಲ್ಲಿ ಓದಿಯೇ ಇರುತ್ತಾರೆ. ಲೆಕ್ಕದ ಸೌಕರ್ಯಕ್ಕಾಗಿ ಹರಿಗೋಲಿನ ಬಟ್ಟಲಿನಂತಹ ತಳವನ್ನು ಸಪಾಟೆಂದು ಭಾವಿಸೋಣ. ಎರಡು ಮೀಟರು ವ್ಯಾಸವಿರುವ ಹರಿಗೋಲಿನ ತಳದ ವಿಸ್ತೀರ್ಣ 3.14 ಚದರ ಮೀಟರು. ಅದು ಒಂದು ಸೆಂಟಿಮೀಟರು ಕೆಳಗಿಳಿದರೆ ಸುಮಾರು 31 ಲೀಟರು ನೀರು ಸರಿಯುತ್ತದೆ, ಎಂದರೆ 31 ಕಿಲೋ ಭಾರವು ಆಧಾರವನ್ನು ಪಡೆಯುತ್ತದೆ. ಹರಿಗೋಲು ತಾನೇ 60 ಕಿಲೋ ತೂಗುತ್ತದೆಂದೂ, ಅಂಬಿಗನೂ ಸೇರಿ ತಲಾ 60 ಕಿಲೋ ತೂಗುವ ಒಂಬತ್ತು ಮಂದಿ ಅದರಲ್ಲಿ ಕುಳಿತಿದ್ದಾರೆಂದೂ ಎಣಿಸಿದರೆ ಒಟ್ಟು ಭಾರ 600 ಕಿಲೋ. ಅದು ನೀರಿನಲ್ಲಿ 19 ಸೆಂಟಿಮೀಟರು ಇಳಿಯುತ್ತದೆ. ಅದೇ ಹರಿಗೋಲಿಗೆ ತಲಾ 90 ಕಿಲೋ ತೂಗುವ ಒಂಬತ್ತು ಮಂದಿ ಏರಿದರೆಂದು ಭಾವಿಸಿರಿ. ತಲೆಯೆಣಿಕೆ ಒಂದೇ, ದಡದ ಮೇಲಿನ ಫಲಕದಲ್ಲಿ ಬರೆದಿರಬಹುದಾದ ಸಂಖ್ಯೆಯೂ ಒಂದೇ, ಆದರೆ ಭಾರ 870 ಕಿಲೋ ಆಗಿ ಇಳಿತವು 28 ಸೆಂಟಿಮೀಟರಿಗೆ ಏರುತ್ತದೆ. ಅರವತ್ತು ಸೆಂಟಿಮೀಟರು ಎತ್ತರದ ಅಂಚಿನಲ್ಲಿ ನೀರಿನ ಮೇಲೆ ಉಳಿಯುವುದು 32 ಸೆಂಟಿಮೀಟರು ಮಾತ್ರ. ಒಬ್ಬನು ಅಂಚಿನ ಕಡೆಗೆ ವಾಲಿದರೆ ಅದರಲ್ಲಿಯೂ ಒಂದು ಪಾಲು ಕಳೆದುಹೋಗುತ್ತದೆ.

ಹಾಗಾದರೆ ಭಾರವಾದ ದೇಹದವರಿಗೆ ಬೇಕಾದುದು ಎತ್ತರವಾದ ಅಂಚೋ ಅಗಲವಾದ ತಳವೋ? ಅಗಲವಾದ ತಳವೆಂದೇ ನನ್ನ ನಿಶ್ಚಿತ ಅಭಿಪ್ರಾಯ. ವ್ಯಾಸವನ್ನು ಎರಡು ಮೀಟರಿನಿಂದ ಎರಡೂವರೆಗೆ, ಅಂದರೆ ಕಾಲುಪಾಲಿನಷ್ಟು ಮಾತ್ರ ಹೆಚ್ಚಿಸಿದರೂ ತಳದ ವಿಸ್ತೀರ್ಣ ಅರ್ಧಕ್ಕಿಂತಲೂ ಹೆಚ್ಚಾಗಿ ಬೆಳೆದು ಸುಮಾರು 4.9 ಚದರ ಮೀಟರು ಆಗುತ್ತದೆ. ಒಂದೊಂದು ಸೆಂಟಿಮೀಟರಿಗೂ 49 ಕಿಲೋ ಹೊರುವ ಶಕ್ತಿ ಬರುತ್ತದೆ. ದೊಡ್ಡ ಹರಿಗೋಲಿನ ಸ್ವಂತ ತೂಕವನ್ನು ಇನ್ನೊಂದು ಮೂವತ್ತು ಕಿಲೋ ಹೆಚ್ಚಿಸಿ ಎಣಿಸಿದರೂ ಆ ಒಂಬತ್ತು ಮಂದಿ ದಷ್ಟಪುಷ್ಟರನ್ನು ಹೊತ್ತು ಅದು 18 ಸೆಂಟಿಮೀಟರು ಮಾತ್ರ ಇಳಿಯುತ್ತದೆ. ಪಾಯಸನು ಕಂಡ ಹರಿಗೋಲು ಇಪ್ಪತ್ತು ಜನರನ್ನು ಸುಖವಾಗಿ ಹೊರುತ್ತಿದ್ದಿತೆಂದಾದರೆ ಅದರ ವ್ಯಾಸ ಒಂಬತ್ತು ಅಡಿಗಳಷ್ಟಾದರೂ ಇದ್ದಿರಬೇಕೆಂದು ಇದೇ ಲೆಕ್ಕದಿಂದ ಊಹಿಸಬಹುದು.

ಅಗಲದ ಪರವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಮೇಲಿನದಕ್ಕಿಂತ ಇದು ಗಹನವಾದುದು, ಪ್ರಾಣಕ್ಕೆ ಹತ್ತಿರವಾದುದು. ಪ್ರತಿಯೊಂದು ತೇಲುವ ಪಾತ್ರೆಗೂ ತಳದಿಂದ ಅಳೆದ ಒಂದು ಎತ್ತರವಿರುತ್ತದೆ. ಒಳಗಿನ ಒಟ್ಟು ಭಾರದ ಕೇಂದ್ರವು ಆ ಎತ್ತರಕ್ಕಿಂತ ಕೆಳಗಿರುವ ತನಕ ವಾಲಿದ ಪಾತ್ರೆಯು ಮರಳಿ ನೆಟ್ಟಗಾಗುತ್ತದೆ, ಅದನ್ನು ಮೀರಿದರೆ ಮರಳಲಾರದೆ ಮಗುಚುತ್ತದೆ. ಇದನ್ನು ಸ್ಥೈರ್ಯದ ಎಲ್ಲೆಯೆಂದು ಕರೆಯೋಣ. ದುಂಡನೆಯ ಪಾತ್ರೆಯಲ್ಲಿ ಈ ಎಲ್ಲೆಯು ತ್ರಿಜ್ಯದ ವರ್ಗದೊಡನೆ ಏರುತ್ತದೆ, ಇಳಿತ ಹೆಚ್ಚಿದಂತೆ ತಗ್ಗುತ್ತದೆ. ನಮ್ಮ ಎರಡು ಮೀಟರಿನ ಹರಿಗೋಲು 19 ಸೆಂಟಿಮೀಟರು ಇಳಿದಿರುವಾಗ ಆ ಎಲ್ಲೆ ತಳದಿಂದ ಸುಮಾರು ಒಂದು ಮೀಟರು ನಲವತ್ತು ಸೆಂಟಿಮೀಟರು ಎತ್ತರದಲ್ಲಿರುತ್ತದೆ. 28 ಸೆಂಟಿಮೀಟರು ಇಳಿದಾಗ ಒಂದು ಮೀಟರಿನ ಸಮೀಪಕ್ಕೆ ಕುಸಿಯುತ್ತದೆ. ನಿಂತ ಮನುಷ್ಯನ ದೇಹದ ಭಾರಕೇಂದ್ರವು ಹೊಕ್ಕುಳಿನ ಆಸುಪಾಸಿನಲ್ಲಿ, ಪಾದದಿಂದ ಹೆಚ್ಚುಕಡಿಮೆ ಒಂದು ಮೀಟರಿನ ಎತ್ತರದಲ್ಲಿ ಇರುತ್ತದೆಂಬುದನ್ನು ಇದರ ಪಕ್ಕದಲ್ಲಿರಿಸಿ ನೋಡಿದರೆ, ತುಂಬಿದ ಹರಿಗೋಲಿನಲ್ಲಿ ಛಾಯಾಚಿತ್ರಕ್ಕಾಗಿ ಎಲ್ಲರೂ ಎದ್ದು ನಿಲ್ಲುವುದೆಂದರೆ ಏನೆಂಬುದು ತಿಳಿಯುತ್ತದೆ. ಅದೇ ಜನರು ಚಕ್ಕಳಮಕ್ಕಳ ಹಾಕಿ ತಳದ ಮೇಲೆ ಕುಳಿತರೆ ಭಾರಕೇಂದ್ರವು ಒಂದಡಿಯಷ್ಟು ಎತ್ತರಕ್ಕೆ ಇಳಿದುಬಿಡುತ್ತದೆ. ಭಯಕ್ಕೆ ಕಾರಣವೇ ಉಳಿಯುವುದಿಲ್ಲ. ಅಂಬಿಗನು ಏರಿಸಿಕೊಂಡೊಡನೆ ಕೂಡ್ರಿರಿ, ಕೂಡ್ರಿರಿ ಎಂದು ಎಲ್ಲರನ್ನೂ ಗದರುವುದರ ಹಿಂದೆ ಈ ಗಣಿತವಿದೆ. ಅವನು ಅದನ್ನು ಕಾಗದದ ಮೇಲೆ ಬಿಡಿಸಿದವನಲ್ಲ. ತಂದೆಯ ಬದಿಯಲ್ಲಿ ಕುಳಿತು ಹುಟ್ಟು ಹಾಕುತ್ತ ಕಲಿತವನು. ಅವನ ಗದರಿಕೆಯನ್ನು ಅಸೌಜನ್ಯವೆಂದು ಭಾವಿಸುವ ಪ್ರವಾಸಿಗನಿಗೆ ನಾನು ಗೌರವಪೂರ್ವಕವಾಗಿ ಹೇಳುವುದೇನೆಂದರೆ, ಆ ನದಿಯ ಮೇಲೆ ಅವನೇ ಗುರು.

ಹತ್ತಿಪ್ಪತ್ತು ಜನರು ಹಂಚಿಕೊಂಡು ಹೊರಿಸುವ ಭಾರದ ಮಾತು ಇದಾಯಿತು. ಒಬ್ಬನೇ ಮನುಷ್ಯನು, ಅದರಲ್ಲಿಯೂ ತೂಕವುಳ್ಳ ಮನುಷ್ಯನು, ತನ್ನೊಬ್ಬನಿಗಾಗಿಯೇ ಅತ್ಯಲ್ಪ ಪ್ರಮಾಣದ ವಾಹನವನ್ನು ಆರಿಸಿಕೊಳ್ಳಬೇಕಾದಾಗ ಪ್ರಶ್ನೆಯು ಇನ್ನೂ ಸೂಕ್ಷ್ಮವಾಗುತ್ತದೆ. ಇದರ ಅತ್ಯುತ್ತಮ ಉದಾಹರಣೆ ಹಾಯಿಹಲಗೆಯ, ಎಂದರೆ ವಿಂಡ್‌ಸರ್ಫಿಂಗಿನ, ಕ್ರೀಡೆಯಲ್ಲಿ ದೊರೆಯುತ್ತದೆ. ಅಮೆರಿಕದಲ್ಲಿ 1960ರ ದಶಕದಲ್ಲಿ ರೂಪು ತಳೆದು, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಸ್ಥಾನ ಪಡೆದ ಈ ಕ್ರೀಡೆಯಲ್ಲಿ ನಿಂತ ಸವಾರನು ಎಲ್ಲ ದಿಕ್ಕಿಗೂ ಬಾಗುವ ಕೀಲಿನಿಂದ ಹಲಗೆಗೆ ಜೋಡಿಸಿದ ಹಾಯಿಯನ್ನು ಕೈಯಲ್ಲಿ ಹಿಡಿದು ಗಾಳಿಯನ್ನು ಪಳಗಿಸುತ್ತಾನೆ. ಹವಾಯಿ ದ್ವೀಪಗಳ ಮಾವಿಯಲ್ಲಿರುವ ಹೂಕಿಪಾದಂತಹ ತೀರಗಳಲ್ಲಿ, ಏಳುವ ಅಲೆಯ ಮುಖದ ಮೇಲೆಯೇ ಏರಿ ತಿರುಗಿ ಇಳಿಯುವುದು ಇದರ ಪರಮ ಕೌಶಲ. ಅದಕ್ಕೆಂದು ಮಾಡುವ ಹಲಗೆ ಎರಡೂಕಾಲು ಮೀಟರಿನ ಆಸುಪಾಸಿನ ಉದ್ದ, ಅರವತ್ತು ಸೆಂಟಿಮೀಟರಿನ ಆಸುಪಾಸಿನ ಅಗಲದ ಪುಟ್ಟ ವಸ್ತು. ಅದನ್ನು ಅಳೆಯುವುದು ಲೀಟರುಗಳಲ್ಲಿ. ಯಲಬುರ್ಗಾದಲ್ಲಿ ಗಾಳಿಯುಂಟು, ಮುನಿರಾಬಾದಿನಲ್ಲಿ ನೀರುಂಟು, ಸಾಗರದ ಅಲೆ ಮಾತ್ರ ಈ ನಾಲ್ಕು ತಾಲೂಕುಗಳಲ್ಲಿ ಎಲ್ಲಿಯೂ ಇಲ್ಲ. ಆದರೂ ಆ ಹಲಗೆಯ ವಿಚಾರ ನಮ್ಮ ಹರಿಗೋಲನ್ನು ಅರಿಯಲು ನೆರವಾಗುತ್ತದೆ.

ತೊಂಬತ್ತೈದು ಕಿಲೋ ತೂಗುವ ಸವಾರನನ್ನು ಕಲ್ಪಿಸಿಕೊಳ್ಳೋಣ. ಹಲಗೆ ಎಂಟು ಕಿಲೋ, ಹಾಯಿ, ಕಂಬ, ಹಿಡಿಕೋಲುಗಳೆಲ್ಲ ಸೇರಿ ಒಂಬತ್ತು ಕಿಲೋ, ನೆನೆದ ಉಡುಪು ಎರಡು ಕಿಲೋ ಎಂದು ಹಿಡಿದರೆ ನೀರು ಹೊರಬೇಕಾದ ಭಾರ 114 ಕಿಲೋ. ಸಮುದ್ರದ ಉಪ್ಪುನೀರು ಸಿಹಿನೀರಿಗಿಂತ ತುಸು ಸಾಂದ್ರವಾದುದರಿಂದ ಪ್ರತಿ ಲೀಟರಿಗೆ 1.025 ಕಿಲೋದಂತೆ ಹೊರುತ್ತದೆ. ಆದರೂ ಅವನನ್ನು ನಿಂತಲ್ಲಿಯೇ ತೇಲಿಸಲು 111 ಲೀಟರಿನ ಹಲಗೆ ಬೇಕು. ಎಪ್ಪತ್ತು ಕಿಲೋ ತೂಗುವ ಅವನ ಗೆಳೆಯನಿಗೆ 87 ಲೀಟರು ಸಾಕು. ಗೆಳೆಯನು ಮೆಚ್ಚಿ ಹೊಗಳಿದ 85 ಲೀಟರಿನ ಹಲಗೆಯನ್ನೇ ಭಾರವಾದವನೂ ಕೊಂಡನೆಂದರೆ, ಗಾಳಿ ಸಡಿಲಿದ ಕ್ಷಣದಲ್ಲಿ ಹಲಗೆಯು ಕಾಲ ಕೆಳಗೆ ಮುಳುಗಿ, ಒಡೆಯುವ ಅಲೆಗಳ ನಡುವೆ ಸೊಂಟದುದ್ದದ ನೀರಿನಲ್ಲಿ ಅವನು ಅಸಹಾಯನಾಗಿ ನಿಲ್ಲಬೇಕಾಗುತ್ತದೆ. ಗಾಳಿ ಬಲವಾಗಿ ಬೀಸಿ ಹಲಗೆ ನೀರಿನ ಮೇಲ್ಮೈಯನ್ನು ಉಜ್ಜುತ್ತ ಓಡತೊಡಗಿದ ಮೇಲೆ ವೇಗವೇ ಅವನನ್ನು ಹೊರುತ್ತದೆ. ಆಗ ಲೀಟರುಗಳ ಕೊರತೆ ಕಾಡುವುದಿಲ್ಲ. ಆದರೆ ಆ ವೇಗ ಬರುವ ತನಕ ಬದುಕಬೇಕಷ್ಟೆ. ಈ ಕಾರಣದಿಂದ ನುರಿತ ಸವಾರರು ತಮ್ಮ ತೂಕ ಎಷ್ಟು ಕಿಲೋವೋ ಹಲಗೆಯೂ ಹೆಚ್ಚುಕಡಿಮೆ ಅಷ್ಟೇ ಲೀಟರಿರಲೆಂದು ಬಯಸುವರು; ಗಾಳಿ ಅಸ್ಥಿರವಾದ ತೀರದಲ್ಲಿ ಅದಕ್ಕೆ ಐದೋ ಹತ್ತೋ ಲೀಟರನ್ನು ಕೂಡಿಸುವರು, ಗಾಳಿ ಗಟ್ಟಿಯಾಗಿ ಬೀಸುವ ತೀರದಲ್ಲಿ ಅಷ್ಟನ್ನೇ ಕಳೆಯುವರು. ಕಲಿಯುತ್ತಿರುವವನ ಮಾತೇ ಬೇರೆ. ಅವನಿಗೆ ಇದರ ಎರಡರಷ್ಟು ಲೀಟರಿನ ಅಗಲವಾದ ಹಲಗೆಯೂ ಶಾಂತವಾದ ನೀರೂ ಬೇಕು.

ಲೀಟರುಗಳನ್ನು ಹೆಚ್ಚಿಸಬೇಕೆಂಬುದು ಸರಿ, ಆದರೆ ಎಲ್ಲಿ ಹೆಚ್ಚಿಸಬೇಕು? ದಪ್ಪದಲ್ಲಿ ಹೆಚ್ಚಿಸಿದರೆ ಅಂಚುಗಳು ಉಬ್ಬಿ ಅಲೆಯ ಮುಖವನ್ನು ಕಚ್ಚದೆ ಜಾರುತ್ತವೆ. ಅಗಲದಲ್ಲಿ, ಅದರಲ್ಲಿಯೂ ಹಿಂಬದಿಯ ಅಗಲದಲ್ಲಿ, ಮಿತಿಮೀರಿ ಹೆಚ್ಚಿಸಿದರೆ ವೇಗದಲ್ಲಿ ಹಲಗೆಯು ಮಾತು ಕೇಳದೆ ಮೇಲ್ಮೈಯಲ್ಲಿ ಕುಣಿಯುತ್ತದೆ. ಇಲ್ಲಿ ಭಾರವಾದ ಸವಾರನಿಗೆ ಪ್ರಕೃತಿಯೇ ಒಂದು ಅನುಕೂಲವನ್ನು ಕೊಟ್ಟಿದೆ: ಹಗುರವಾದವನು ಒತ್ತಿ ಬಾಗಿಸಲಾರದ ಅಗಲವಾದ ಹಲಗೆಯನ್ನು ಅವನ ಹಿಮ್ಮಡಿಯ ಭಾರವು ಸುಲಭವಾಗಿ ಬಾಗಿಸಬಲ್ಲದು. ಆದುದರಿಂದ ಅವನು ಉದ್ದವನ್ನು ಬೆಳೆಸದೆ, ನಡುವಿನಲ್ಲಿ, ಕಂಬದ ಬುಡದ ಕೆಳಗೆ ದಪ್ಪವಾಗಿದ್ದು ಅಂಚುಗಳಲ್ಲಿ ತೆಳುವಾಗುವ, ತುಸು ಅಗಲವಾದ ಹಲಗೆಯನ್ನು ಆರಿಸುವುದು ಲೇಸು. ಮುಂದಿನಿಂದ ಹಿಂದಿನವರೆಗಿನ ಬಾಗು ತೀರ ಹೆಚ್ಚಾಗಿದ್ದರೆ ಓಟ ಹಿಡಿಯಲು ಹೆಚ್ಚು ಗಾಳಿ ಬೇಕಾಗುವುದರಿಂದ, ಮೊದಲೇ ಭಾರವುಳ್ಳವನಿಗೆ ಮಿತವಾದ ಬಾಗೇ ಹಿತ. ಹಾಯಿಯನ್ನು ಗೆಳೆಯನ ಹಾಯಿಗಿಂತ ಅರ್ಧದಿಂದ ಒಂದು ಚದರ ಮೀಟರಿನಷ್ಟು ದೊಡ್ಡದಾಗಿಯೇ ಹೂಡಬೇಕು. ಇವೆಲ್ಲಕ್ಕಿಂತ ನಾನು ಒತ್ತಿ ಹೇಳಬಯಸುವುದು ಕಟ್ಟುವಿಕೆಯ ಗಟ್ಟಿತನವನ್ನು: ಎರಡು ಕಿಲೋ ಹಗುರವೆಂಬ ಆಸೆಗೆ ತೆಳು ಮೈಯ ಹಲಗೆಯನ್ನು ಕೊಳ್ಳಬಾರದು, ಜಿಗಿದು ಇಳಿಯುವಾಗ ಭಾರವಾದ ಹಿಮ್ಮಡಿಯು ಮೊದಲು ಮುರಿಯುವುದು ಹಲಗೆಯ ಮೇಲ್ಮೈಯನ್ನು. ಹಳೆಯ ಹಲಗೆಯನ್ನು ಕೊಳ್ಳುವವನು ಪಾದಪಟ್ಟಿಗಳ ಬಳಿ ಹೆಬ್ಬೆರಳಿನಿಂದ ಒತ್ತಿ ನೋಡಲಿ; ಮೆತ್ತಗೆ ಒಳಸರಿದರೆ ಅದನ್ನು ಬಿಟ್ಟುಬಿಡಲಿ.

ಹರಿಗೋಲಿನ ವಿಷಯದಲ್ಲಿಯೂ ಗಟ್ಟಿತನದ ಪ್ರಶ್ನೆ ಇಷ್ಟೇ ಮುಖ್ಯವಾದುದು. ಭಾರ ಹೆಚ್ಚಿದಂತೆ ತಳದ ಹೆಣಿಗೆಯ ಮೇಲೆ ಬೀಳುವ ಒತ್ತಡವೂ ಹೆಚ್ಚುತ್ತದೆ. ಒಂದೇ ಕಡೆ ಭಾರವಾದ ಕಾಲು ಬಿದ್ದರೆ ದಬ್ಬೆಗಳು ಕುಸಿದು ಹೊದಿಕೆಯನ್ನು ಒತ್ತುತ್ತವೆ, ಕೆಳಗಿನಿಂದ ಬಂಡೆಯೂ ಒತ್ತಿದರೆ ಹೊದಿಕೆ ಹರಿಯುತ್ತದೆ. ತಳದಲ್ಲಿ ಅಡ್ಡಲಾಗಿ ಇನ್ನೊಂದು ಸಾಲು ದಬ್ಬೆಗಳನ್ನು ಹಾಸಿದ ಹರಿಗೋಲು ಭಾರಕ್ಕೆ ಉತ್ತಮ. ಚರ್ಮದ ಕಾಲ ಮುಗಿಯಿತು. ಅದು ನೆನೆದು ಭಾರವಾಗುತ್ತಿತ್ತು, ಬಳಸಿದ ಮೇಲೆ ಒಣಗಿಸದಿದ್ದರೆ ಕೊಳೆಯುತ್ತಿತ್ತು. ಪ್ಲಾಸ್ಟಿಕ್ ಹೊದಿಕೆ ಅಗ್ಗವಾದುದು, ಹಗುರವಾದುದು, ನೀರನ್ನು ಹೀರದು. ಆದರೆ ಒಮ್ಮೆ ಹರಿದರೆ ಸೀಳು ಓಡುತ್ತದೆ. ಈಗ ಅಲ್ಲಲ್ಲಿ ಕಾಣಿಸುವ ಫೈಬರಿನ ದುಂಡುದೋಣಿ ಸೋರದು ಎಂಬುದು ನಿಜ, ಆದರೆ ಬಿದಿರಿನಂತೆ ಬಳುಕದು, ಬಂಡೆಗೆ ಬಡಿದರೆ ಬಿರಿಯಬಹುದು, ತಳದಲ್ಲಿ ಗಾಳಿ ತುಂಬಿದ ಕೋಣೆಗಳಿಲ್ಲದಿದ್ದರೆ ನೀರು ತುಂಬಿದೊಡನೆ ಮುಳುಗಬಹುದು. ಬಿದಿರು ತನ್ನಷ್ಟಕ್ಕೆ ತಾನೇ ತೇಲುವ ವಸ್ತುವಾದುದರಿಂದ ಮಗುಚಿದ ಹರಿಗೋಲಿನ ಅಂಚನ್ನು ಹಿಡಿದು ಜನರು ತೇಲಿಕೊಂಡಿರಬಹುದೆಂಬುದನ್ನು ಮರೆಯಲಾಗದು. ನಿಶ್ಚಲವಾದ ಕೆರೆಗೆ ಫೈಬರನ್ನೂ ಬಂಡೆಗಳ ಹೊಳೆಗೆ ಬಿದಿರನ್ನೂ ನಾನು ಒಪ್ಪುತ್ತೇನೆ.

ಕಡವಿನಲ್ಲಿ ಜನರ ಜೊತೆಗೆ ಬೈಸಿಕಲ್ಲು, ಮೋಟಾರುಸೈಕಲ್ಲು, ಕಾಳಿನ ಚೀಲಗಳೂ ಏರುವ ವಾಡಿಕೆ ಆನೆಗೊಂದಿಯಲ್ಲಿ ಬಹುಕಾಲದಿಂದ ಇದ್ದಿತು. ಮೋಟಾರುಸೈಕಲ್ಲೊಂದು ಇಬ್ಬರು ಪ್ರಯಾಣಿಕರ ತೂಕಕ್ಕೆ ಸಮ. ಆದರೆ ಕುಳಿತ ಮನುಷ್ಯನಂತೆ ಅದು ತನ್ನ ಭಾರವನ್ನು ತಗ್ಗಿಸಿಕೊಳ್ಳಲಾರದು, ವಾಲಿದಾಗ ತಾನೂ ಉರುಳಿ ಇನ್ನಷ್ಟು ವಾಲಿಸುತ್ತದೆ. ಆ ವಾಡಿಕೆಯ ಹಿಂದೆ ಈ ಊರಿನ ದೀರ್ಘವಾದ ಕಷ್ಟದ ಕಥೆಯುಂಟು. ಹಂಪಿಯ ಕಡೆಯ ದಡದ ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟತೊಡಗಿದ್ದ ಸೇತುವೆಯು ಹಂಪಿಯ ಸ್ಮಾರಕಗಳ ಪರಿಸರಕ್ಕೆ ಧಕ್ಕೆಯೆಂಬ ಆಕ್ಷೇಪಕ್ಕೆ ಗುರಿಯಾಯಿತು. 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಕೆಲಸವು ನಿಂತು ಮತ್ತೆ ನಡೆದು, ಕೊನೆಗೆ 2009ರ ಜನವರಿ 22ರಂದು ಕಟ್ಟುತ್ತಿದ್ದಾಗಲೇ ಅದು ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆ ವರ್ಷಗಳುದ್ದಕ್ಕೂ ಎರಡು ದಡಗಳ ವ್ಯವಹಾರವನ್ನು ಹೊತ್ತದ್ದು ಅಂಬಿಗರ ತೋಳು. ಇಂದು ಬುಕ್ಕಸಾಗರ ಮತ್ತು ಕಡೆಬಾಗಿಲುಗಳ ನಡುವಿನ ಸೇತುವೆ ವಾಹನಗಳನ್ನು ದಾಟಿಸುತ್ತಿದೆ; ಹರಿಗೋಲಿನ ಪಾಲಿಗೆ ಹೆಚ್ಚಾಗಿ ಉಳಿದಿರುವವರು ಪ್ರವಾಸಿಗರು, ಮತ್ತು ವ್ಯಾಸರಾಯರೇ ಮೊದಲಾದ ಒಂಬತ್ತು ಯತಿಗಳ ವೃಂದಾವನಗಳಿರುವ ನಡುಗಡ್ಡೆಗೆ ದೋಣಿಯಲ್ಲಿ ಹೋಗುವ ನವವೃಂದಾವನದ ಯಾತ್ರಿಕರು.

ಹೊಳೆಯ ವಿಷಯದಲ್ಲಿ ಭಾರದ ಲೆಕ್ಕವನ್ನು ತಲೆಕೆಳಗು ಮಾಡುವ ಸಂಗತಿ ಇನ್ನೊಂದಿದೆ. ಅಣೆಕಟ್ಟೆಯ ಬಾಗಿಲುಗಳನ್ನು ತೆರೆದು ನೀರು ಬಿಟ್ಟಾಗ ಹರಿವು ಕೆಲವೇ ಗಂಟೆಗಳಲ್ಲಿ ಬೇರೆಯೇ ಆಗಿಬಿಡುತ್ತದೆ. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಬಾಗಿಲು ಕೊಚ್ಚಿಹೋದಾಗ ಕೆಳದಂಡೆಯ ಜನರು ಅದನ್ನು ಪ್ರತ್ಯಕ್ಷವಾಗಿ ಕಂಡರು. ರಭಸದ ನೀರಿನಲ್ಲಿ ಆಳವಾಗಿ ಇಳಿದ ಹರಿಗೋಲು ಪ್ರವಾಹದ ಹಿಡಿತಕ್ಕೆ ಹೆಚ್ಚು ಮೈಯೊಡ್ಡುತ್ತದೆ, ಒಂದೇ ಹುಟ್ಟಿನ ಬಲಕ್ಕೆ ತಿರುಗದು. ಬಂಡೆಗೆ ಒರಗಿ ನಿಂತಿತೆಂದರೆ ಮೇಲಿನಿಂದ ಬರುವ ನೀರು ಅಂಚನ್ನು ಒಳಕ್ಕೆ ಮಡಚುತ್ತದೆ. ನೆರೆಯ ರಾಯಚೂರು ಜಿಲ್ಲೆಯಲ್ಲಿ, ಕೃಷ್ಣೆಯ ನಡುಗಡ್ಡೆಯಾದ ಕುರ್ವಕುಲದ ಬಳಿ 2020ರ ಆಗಸ್ಟಿನಲ್ಲಿ ತುಂಬಿದ ಹೊಳೆಯಲ್ಲಿ ತೆಪ್ಪ ಮಗುಚಿ ಜನರು ಕೊಚ್ಚಿಹೋದುದು ಇನ್ನೂ ಮರೆಯುವಂಥದಲ್ಲ. ನಡುಗಡ್ಡೆಯ ಜನರಿಗೆ ಸಂತೆಗೂ ಆಸ್ಪತ್ರೆಗೂ ಬೇರೆ ದಾರಿಯಿರಲಿಲ್ಲ. ವಿನೋದಕ್ಕಾಗಿ ಏರುವವರಿಗಾದರೋ ದಾರಿಯುಂಟು: ಹೊಳೆ ಕೆಂಪಾಗಿ ಹರಿಯುತ್ತಿರುವ ದಿನ ದಡದಲ್ಲಿಯೇ ಉಳಿಯುವುದು.

ಭಾರದ ಮಿತಿಯನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿದ ನಿದರ್ಶನವೊಂದು ಹಡಗುಗಳ ಲೋಕದಲ್ಲಿದೆ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಡಗುಗಳ ಮಾಲಿಕರು ಲಾಭದಾಸೆಗೆ ಮಿತಿಮೀರಿ ಸರಕು ತುಂಬಿ, ನಾವಿಕರನ್ನು ಸಮುದ್ರದ ಪಾಲು ಮಾಡುತ್ತಿದ್ದಾಗ ಸ್ಯಾಮುಯೆಲ್ ಪ್ಲಿಮ್ಸಾಲ್ ಎಂಬ ಸಂಸತ್ಸದಸ್ಯನು ವರ್ಷಗಟ್ಟಲೆ ಹೋರಾಡಿದನು. ಅವನ ಹೋರಾಟದ ಫಲವಾಗಿ 1876ರ ಶಾಸನವು ಹಡಗುಗಳ ಪಕ್ಕದಲ್ಲಿ ಭಾರದ ಮಿತಿಯನ್ನು ತೋರಿಸುವ ಗೆರೆಯನ್ನು ಕಡ್ಡಾಯಗೊಳಿಸಿತು. ಮಾಲಿಕರು ಆ ಗೆರೆಯನ್ನು ತಮಗೆ ಬೇಕಾದಲ್ಲಿ ಎಳೆದುಕೊಳ್ಳುತ್ತಿದ್ದ ದೋಷವನ್ನು 1890ರಲ್ಲಿ ಸರಿಪಡಿಸಲಾಯಿತು. ಇಂದು ಜಗತ್ತಿನ ಯಾವ ಬಂದರಿನಲ್ಲಿ ನಿಂತು ನೋಡಿದರೂ ದೊಡ್ಡ ಹಡಗಿನ ಪಕ್ಕದಲ್ಲಿ ವೃತ್ತವೂ ಅದನ್ನು ಹಾಯುವ ಅಡ್ಡಗೆರೆಯೂ ಕಾಣಿಸುತ್ತವೆ. ಗೆರೆ ಮುಳುಗಿದರೆ ಭಾರ ಮಿತಿಮೀರಿದೆ. ಓದುಬರಹ ಬಾರದವನಿಗೂ ಅದು ತಿಳಿಯುತ್ತದೆ, ವಾದಕ್ಕೆ ಎಡೆಯೇ ಇಲ್ಲ.

ನಮ್ಮ ಹರಿಗೋಲಿಗೂ ಅಂಥದೊಂದು ಗೆರೆ ಬೇಕು. ಇಷ್ಟು ಜನರೆಂಬ ಸಂಖ್ಯೆಯ ಫಲಕವು, ಮೇಲಿನ ಲೆಕ್ಕ ತೋರಿಸುವಂತೆ, ಜನರ ತೂಕವನ್ನು ಅರಿಯದು, ಗೆರೆಯು ಅರಿಯುತ್ತದೆ. ಸಾಣಾಪುರದಲ್ಲಿ, ಆನೆಗೊಂದಿಯಲ್ಲಿ, ವಿರೂಪಾಪುರಗಡ್ಡಿಯ ಬಳಿಯಲ್ಲಿ ತೇಲುವ ಪ್ರತಿಯೊಂದು ಹರಿಗೋಲಿನ ಹೊರಮೈಗೂ ಬಾಯಂಚಿನ ಕೆಳಗೆ ಸುತ್ತಲೂ ಬಿಳಿಯ ಬಣ್ಣದ ಪಟ್ಟಿಯೊಂದನ್ನು ಬಳಿಯಲು ಒಂದು ಡಬ್ಬಿ ಬಣ್ಣಕ್ಕಿಂತ ಹೆಚ್ಚಿನ ಖರ್ಚಿಲ್ಲ. ಜಿಲ್ಲಾಡಳಿತವೂ ಗ್ರಾಮ ಪಂಚಾಯಿತಿಗಳೂ ಪ್ರವಾಸೋದ್ಯಮದ ಅಧಿಕಾರಿಗಳೂ ಅಂಬಿಗರನ್ನು ಕೂರಿಸಿಕೊಂಡು, ಅವರ ಅನುಭವವನ್ನು ಕೇಳಿ, ಯಾವ ಗಾತ್ರದ ಹರಿಗೋಲಿಗೆ ಯಾವ ಎತ್ತರದಲ್ಲಿ ಪಟ್ಟಿಯಿರಬೇಕೆಂದು ನಿರ್ಧರಿಸಲಿ. ಪಟ್ಟಿ ಮುಳುಗಿದ ಹರಿಗೋಲು ದಡ ಬಿಡಬಾರದೆಂಬ ನಿಯಮವನ್ನು ಮಾಡಲಿ. ಜನರನ್ನು ಕಡಮೆ ಹತ್ತಿಸಿದುದರಿಂದ ಅಂಬಿಗನಿಗಾಗುವ ನಷ್ಟವನ್ನು ತುಂಬುವಂತೆ ತಲೆಗಿಷ್ಟೆಂಬ ದರವನ್ನು ಬಿಟ್ಟು ಹರಿಗೋಲಿಗಿಷ್ಟೆಂಬ ದರವನ್ನು ಗೊತ್ತುಪಡಿಸಲಿ. ಗಳಿಕೆ ಕುಗ್ಗುವ ಭಯವಿಲ್ಲದಿದ್ದರೆ ಅಂಬಿಗನು ಜನರನ್ನು ಕಿಕ್ಕಿರಿಸಬೇಕಾಗಿಲ್ಲ.

ಓದುಗರಲ್ಲಿ, ವಿಶೇಷವಾಗಿ ಕುಷ್ಟಗಿ, ಯಲಬುರ್ಗಾಗಳ ಕಡೆಯಿಂದ ಮಕ್ಕಳುಮರಿಗಳೊಡನೆ ಹೊಳೆಗೆ ಬರುವವರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಭಾರವಾದ ದೇಹದವರಿದ್ದರೆ ಸಂಕೋಚವನ್ನು ಬಿಟ್ಟು ಅಂಬಿಗನಿಗೆ ಮೊದಲೇ ತಿಳಿಸಿರಿ. ದೊಡ್ಡ ವ್ಯಾಸದ ಹರಿಗೋಲನ್ನೇ ಕೇಳಿ ಪಡೆಯಿರಿ. ಅವನು ತೋರಿಸಿದ ಕಡೆ, ಅವನಿಗೆ ಎದುರಾಗಿ, ತಳದ ಮೇಲೆ ಕುಳಿತುಕೊಳ್ಳಿರಿ. ನಿಮ್ಮ ಮೈಗೆ ಸರಿಹೋಗುವ ಅಳತೆಯ ಲೈಫ್ ಜಾಕೆಟ್ ಇಲ್ಲದಿದ್ದರೆ, ಪಟ್ಟಿಗಳನ್ನು ಎದೆಯ ಮೇಲೆ ಪೂರ್ತಿ ಬಿಗಿಯಲಾಗದಿದ್ದರೆ, ಅಂದು ಹರಿಗೋಲನ್ನು ಏರಲೇಬೇಡಿರಿ.